ತವರಿನ ಹೊಸ್ತಿಲು ಮಾರುವವನು

ಮಳೆ ಬಂದ ದಿನ ನಮ್ಮ ದೇವರ ಕೋಣೆಯ ಹೊಸ್ತಿಲಿನಿಂದ ಗ್ಯಾರೇಜಿನ ವಾಸನೆ ಬರುತ್ತದೆ.

ನಗಬೇಡಿ. ಬೇಸಿಗೆಯಲ್ಲಿ ಬಂದು ನೋಡಿದರೆ ನಿಮಗೇನೂ ಗೊತ್ತಾಗುವುದಿಲ್ಲ. ಎಲ್ಲರ ಮನೆಯ ಹೊಸ್ತಿಲಿನ ಹಾಗೆಯೇ ಅದೂ ಅರಿಶಿನ ಬಳಿದುಕೊಂಡು, ಕುಂಕುಮದ ಬೊಟ್ಟು ಇಟ್ಟುಕೊಂಡು, ನಡುವೆ ಸ್ವಲ್ಪ ಸವೆದು, ಒಂದು ಬದಿಗೆ ಕುದುರೆಯ ಲಾಳ ಹೊಡೆಸಿಕೊಂಡು ಸುಮ್ಮನೆ ಬಿದ್ದಿರುತ್ತದೆ. ಆದರೆ ಗಾಳಿಯಲ್ಲಿ ಪಸೆ ಏರಿದ ಕೂಡಲೇ ಕಟ್ಟಿಗೆ ಉಸಿರು ಬಿಡುತ್ತದೆ. ಅರಿಶಿನದ ವಾಸನೆಯ ಅಡಿಯಿಂದ ಮೆಲ್ಲಗೆ ಇನ್ನೊಂದು ವಾಸನೆ ಏಳುತ್ತದೆ. ಸುಟ್ಟ ಎಂಜಿನ್ ಆಯಿಲ್. ಟ್ರ್ಯಾಕ್ಟರ್ ರಿಪೇರಿ ಮಾಡುವವರ ಅಂಗಿಗೆ ಇರುತ್ತದಲ್ಲ, ಅದೇ ವಾಸನೆ. ನನ್ನ ಹೆಂಡತಿ ಸೀಗೆಪುಡಿ ಹಾಕಿ ತಿಕ್ಕಿದಳು, ನಿಂಬೆಹಣ್ಣು ತಿಕ್ಕಿದಳು, ಕೊನೆಗೆ ಬಿಟ್ಟುಬಿಟ್ಟಳು. ಈ ಸಲದ ಮೊದಲ ಮಳೆಗೂ ಅದು ಬಂತು. ನಾನು ಪೇಪರ್ ಓದುತ್ತ ಕೂತಿದ್ದವನು ಪೇಪರ್ ಮಡಿಚಿಟ್ಟೆ. ಅದು ಬಂದಾಗ ಬೇರೆ ಏನನ್ನೂ ಮಾಡಲಾಗುವುದಿಲ್ಲ.

ಆ ವಾಸನೆಯ ಕತೆ ಹೇಳುವ ಮೊದಲು ಒಂದು ಎಚ್ಚರಿಕೆ ಕೊಡಬೇಕು. ಇದನ್ನು ಹೇಳುತ್ತಿರುವವನ ನೆನಪಿನ ಮೇಲೆ ನೀವು ಪೂರ್ತಿ ಭಾರ ಹಾಕಬೇಡಿ. ನಾನಂತೂ ಹಾಕುವುದಿಲ್ಲ.

ನಾನು ಧಾರವಾಡದಲ್ಲಿ ಭೌತಶಾಸ್ತ್ರ ಓದಿ ಬಂದವನು. ಓದುವಾಗ ನಾಲ್ಕಾರು ಗೆಳೆಯರು ಸೇರಿ ರಜೆಯಲ್ಲಿ ಹಳ್ಳಿಗಳಿಗೆ ಹೋಗಿ, ನಾಲಗೆಯ ಮೇಲೆ ಕರ್ಪೂರ ಉರಿಸಿ, ನಿಂಬೆಹಣ್ಣಿನಿಂದ ರಕ್ತ ಸುರಿಸಿ, "ನೋಡ್ರಿ, ಇದರಾಗ ಪವಾಡ ಏನೂ ಇಲ್ಲ" ಎಂದು ಭಾಷಣ ಬಿಗಿಯುತ್ತಿದ್ದೆವು. ಜನ ಚಪ್ಪಾಳೆ ತಟ್ಟುತ್ತಿದ್ದರು, ಆಮೇಲೆ ಒಬ್ಬೊಬ್ಬರಾಗಿ ಬಂದು ನಮ್ಮ ಕಾಲಿಗೆ ಬೀಳುತ್ತಿದ್ದರು. ಮನೆಗೆ ಬಂದು ಹೇಳಿದರೆ ಅವ್ವ ರೊಟ್ಟಿ ತಟ್ಟುವುದನ್ನು ನಿಲ್ಲಿಸದೆಯೇ ಅನ್ನುತ್ತಿದ್ದಳು: "ಊರ ಮಂದಿ ಸುಳ್ಳೆಲ್ಲಾ ಹಿಡಿತಿ. ನಿನ್ನ ಸುಳ್ಳ ಯಾರ ಹಿಡೀಬೇಕೋ?"

ಆಗ ನಾವು ಸಿಂದಗಿಯಲ್ಲಿದ್ದೆವು, ಈಗಲೂ ಅದೇ ಮನೆ. ನಾನು ಇಂಡಿ ಪಟ್ಟಣದ ಒಂದು ಕಾಲೇಜಿನಲ್ಲಿ ತಾತ್ಕಾಲಿಕ ಉಪನ್ಯಾಸಕ, ಅಲ್ಲೇ ಕೋಣೆ ಮಾಡಿಕೊಂಡು ಆಗಾಗ ಮನೆಗೆ ಬಂದುಹೋಗುತ್ತಿದ್ದೆ. ಎರಡು ಸಾವಿರದ ಆಚೀಚಿನ ವರ್ಷಗಳು. ಮೋಸ ಮಾಡುವವರಿಗೆ ಅದು ಒಳ್ಳೆಯ ಸುಗ್ಗಿ. ಟೈ ಕಟ್ಟಿದ ಹುಡುಗರು ಮನೆಮನೆಗೆ ಬಂದು ಕೂಪನ್ ಕೆರೆಸುತ್ತಿದ್ದರು. ಕೆರೆದವರಿಗೆಲ್ಲ ಮೊದಲನೆಯ ಬಹುಮಾನವೇ ಬರುತ್ತಿತ್ತು, ಆದರೆ ಕುಕ್ಕರ್ ಕೈಗೆ ಬರಬೇಕಾದರೆ ಮೊದಲು "ಟ್ಯಾಕ್ಸ್" ಕಟ್ಟಬೇಕು. ಬೆಳ್ಳಿ ತೊಳೆದುಕೊಡುತ್ತೇವೆ ಎಂದು ಬಂದವರು ಬೆಳ್ಳಿಯ ಅರ್ಧವನ್ನು ತಮ್ಮ ನೀರಿನಲ್ಲೇ ಉಳಿಸಿಕೊಂಡು ಹೋಗುತ್ತಿದ್ದರು. ಇಂಥವರನ್ನೆಲ್ಲ ನಾನು ಓಣಿಯ ತುದಿಯಲ್ಲೇ ಗುರುತು ಹಿಡಿದು ಓಡಿಸುತ್ತಿದ್ದೆ. ಅವರ ಲಕ್ಷಣ ಒಂದೇ. ಬಹಳ ಮಾತಾಡುತ್ತಾರೆ. ನಿಮಗೆ ಯೋಚಿಸಲು ಪುರುಸೊತ್ತು ಕೊಡುವುದಿಲ್ಲ.

ಹೊಸ್ತಿಲು ಮಾರಲು ಬಂದವನು ಮಾತಾಡುತ್ತಿರಲಿಲ್ಲ.

ಅವ್ವನ ತವರು ಕೃಷ್ಣೆಯ ದಂಡೆಯ ಒಂದು ಊರು. ಹೆಸರು ಬೇಡ. ಆಲಮಟ್ಟಿಯ ನೀರು ಏರಿದಾಗ ಮುಳುಗಿದ ಊರುಗಳಲ್ಲಿ ಅದೂ ಒಂದು. ಈಗ ಅದೇ ಹೆಸರಿನ ಹಲಗೆ ನಿಡಗುಂದಿಯ ಆಚೆ, ಸರ್ಕಾರ ಕೊಟ್ಟ ಬಯಲಿನಲ್ಲಿ, ಸಾಲು ಮನೆಗಳ ಮುಂದೆ ನಿಂತಿದೆ. ಬಸ್ಸಿನ ಕಂಡಕ್ಟರ್ ಆ ಹೆಸರು ಕೂಗಿದರೆ ಅವ್ವ ಕಿಟಕಿಯಿಂದ ನೋಡುತ್ತಲೂ ಇರಲಿಲ್ಲ. "ಸತ್ತವರ ಹೆಸರ ಕೂಸಿಗೆ ಇಟ್ಟಾರ, ಅಷ್ಟ" ಎನ್ನುತ್ತಿದ್ದಳು.

ನೀರು ಬರುವ ಮೊದಲು ಜನ ತಮ್ಮ ಮನೆಗಳನ್ನು ತಾವೇ ಕೆಡವಿದರು. ತೊಲೆ, ಕಂಬ, ಬಾಗಿಲು ಎಲ್ಲ ಲಾರಿಗಟ್ಟಲೆ ಮಾರಾಟವಾದವು. ನನ್ನ ಸೋದರಮಾವನೂ ಹಾಗೆಯೇ ಒಟ್ಟು ಲೆಕ್ಕದಲ್ಲಿ ಯಾರಿಗೋ ಕೊಟ್ಟುಬಿಟ್ಟ. ಕೊಟ್ಟದ್ದು ಯಾರಿಗೆ ಎಂದು ಕೇಳುವ ಮೊದಲೇ ಅವನೂ ತೀರಿಕೊಂಡ. ಅಲ್ಲಿಗೆ ಅವ್ವನಿಗೂ, ಹೊರ್ತಿಯಲ್ಲಿದ್ದ ನಮ್ಮ ದೊಡ್ಡವ್ವನಿಗೂ ಪಂಚಮಿ ನಿಂತುಹೋಯಿತು. ನಮ್ಮ ಕಡೆ ಪಂಚಮಿ ಎಂದರೆ ಹೆಣ್ಣುಮಕ್ಕಳ ಹಬ್ಬ. ಅಣ್ಣನೋ ತಮ್ಮನೋ ಬಂದು ಕರೆದುಕೊಂಡು ಹೋಗಬೇಕು, ತವರಿನ ಹೊಸ್ತಿಲು ದಾಟಿ ಒಳಗೆ ಕಾಲಿಡಬೇಕು, ಉಂಡಿ ತಿನ್ನಬೇಕು, ಜೋಕಾಲಿ ಜೀಕಬೇಕು. ಕರೆಯುವವನೂ ಇಲ್ಲ, ದಾಟಲು ಹೊಸ್ತಿಲೂ ಇಲ್ಲ. ಅವ್ವ ಶ್ರಾವಣ ಬಂತೆಂದರೆ ಶೇಂಗಾ ಹುರಿಯುತ್ತಿದ್ದಳು, ಉಂಡಿ ಕಟ್ಟುತ್ತಿದ್ದಳು, ಒಂದನ್ನೂ ತಿನ್ನುತ್ತಿರಲಿಲ್ಲ.

ಆ ಮನುಷ್ಯ ಬಂದದ್ದು ಪಂಚಮಿಗೆ ತಿಂಗಳಿದೆ ಎನ್ನುವಾಗ, ಮಟಮಟ ಮಧ್ಯಾಹ್ನ. ಓಣಿಯಲ್ಲಿ ನಾಯಿಯೂ ಇರಲಿಲ್ಲ. ಒಂದು ಟೆಂಪೋ ಬಂದು ನಮ್ಮ ಮನೆಯ ಮುಂದೆ ನಿಂತಿತು. ಅದರ ಹಿಂದೆ ತೊಯ್ದ ಗೋಣಿತಟ್ಟು ಸುತ್ತಿದ ಉದ್ದನೆಯ ವಸ್ತುಗಳು ಒಂದರ ಪಕ್ಕ ಒಂದು ಮಲಗಿದ್ದವು. ನಿಮಗೆ ಹೇಗೆ ಕಾಣುತ್ತಿತ್ತೋ ಗೊತ್ತಿಲ್ಲ, ನನಗಂತೂ ಅವು ಕಟ್ಟಿಗೆಯಾಗಿ ಕಾಣಲಿಲ್ಲ.

ಅವನ ಮುಖ ನನಗೆ ನೆನಪಿಲ್ಲ. ಇದನ್ನು ಬಹಳ ಸಲ ಯೋಚಿಸಿದ್ದೇನೆ. ಧೋತರ, ಹೆಗಲ ಮೇಲೆ ಟವಲ್, ಕೈಯ ಉಗುರುಗಳಲ್ಲಿ ಕಪ್ಪು, ಎಲ್ಲ ಇದೆ. ಮುಖದ ಜಾಗದಲ್ಲಿ ಬಿಸಿಲಿದೆ. ಅವ್ವನನ್ನು ಕೇಳಿದರೆ "ನಮ್ಮ ಅಣ್ಣನ್ಹಂಗ ಇದ್ದ" ಎನ್ನುತ್ತಿದ್ದಳು.

ಅವನು ಕಟ್ಟೆಯ ಕೆಳಗೇ ನಿಂತು ಕೇಳಿದ: "ಯವ್ವಾರ, ನೀವು ಯಾ ಊರ ಮಗಳರಿ?"

ಅವ್ವ ಊರ ಹೆಸರು ಹೇಳಿದಳು. ಅವನು ಕಣ್ಣು ಮುಚ್ಚಿದ. "ಹೊಳಿ ದಂಡಿ ಊರು" ಎಂದ.

"ಹೌದ್ರಿ. ಮುಳಗೇತಿ ಈಗ."

"ಮನಿ ಬಾಗಿಲ ಯಾ ಕಡಿಗಿತ್ರಿ?"

"ಮೂಡಣಕ್ಕ."

"ಮೂಡಣಕ್ಕ" ಎಂದು ಅವನೂ ಹೇಳಿದ, ತಾನೇ ಮೊದಲು ಹೇಳಿದವನ ಹಾಗೆ. "ಮುಂದ ಒಂದ ಗಿಡ..." ಅಷ್ಟಕ್ಕೇ ನಿಲ್ಲಿಸಿದ.

"ಬೇವಿನ ಗಿಡರಿ! ನಮ್ಮಪ್ಪ ಹಚ್ಚಿದ್ದು!"

"ಅದ. ಬೇವಿನ ಗಿಡ." ಅವನು ತಲೆಯಾಡಿಸಿ ಟೆಂಪೋದ ಹತ್ತಿರ ಹೋದ. ಗೋಣಿತಟ್ಟುಗಳ ಮೇಲೆ ಕೈಯಾಡಿಸುತ್ತ, ಒಂದನ್ನು ಮುಟ್ಟಿ ಬಿಟ್ಟು, ಇನ್ನೊಂದನ್ನು ಮುಟ್ಟಿ ಬಿಟ್ಟು, ಕೊನೆಗೆ ಒಂದನ್ನು ಎತ್ತಿ ತಂದು ನಮ್ಮ ಕಟ್ಟೆಯ ಮೇಲೆ ಇಟ್ಟು ಬಿಚ್ಚಿದ. ನೀರು ಒಸರಿತು. ಹೊಳೆಯ ತಳದಿಂದ ಈಗಷ್ಟೇ ತೆಗೆದ ಹಾಗೆ.

ಹೊಸ್ತಿಲು. ಕಪ್ಪಗಾದ ಕಟ್ಟಿಗೆ, ಎಳೆಎಳೆಯಲ್ಲಿ ಇಳಿದ ಅರಿಶಿನ, ಒಂದು ಬದಿಗೆ ತುಕ್ಕು ಹಿಡಿದ ಲಾಳ, ನಡುವೆ ತಗ್ಗು. ಅವ್ವ ಆ ತಗ್ಗಿನಲ್ಲಿ ಅಂಗೈ ಇಟ್ಟಳು. ಅವಳ ಅವ್ವ, ಅವಳ ಅಜ್ಜಿ, ಎಷ್ಟೋ ಹೆಂಗಸರು ಕಾಲಿಟ್ಟು ಮಾಡಿದ ತಗ್ಗು ಅದು ಎಂದು ಅವಳ ಕೈ ನಂಬಿಬಿಟ್ಟಿತ್ತು.

"ಎಷ್ಟರಿ ಇದಕ್ಕ?" ಎಂದಳು.

"ಶಿವಶಿವಾ! ಹೊಸ್ತಿಲಕ್ಕ ರೊಕ್ಕ ಮುಟ್ಟಬಾರದ್ರಿ ಯವ್ವಾ. ತವರಿಂದ ಬಂದದ್ದ ಏನರ ಇದ್ರ ಕೊಡ್ರಿ. ತವರಿಗೆ ತವರು. ಸರಿಹೋಗತೈತಿ."

ಈ ಮಾತು ಕೇಳಿದಾಗ ನನ್ನ ಬೆನ್ನಿನಲ್ಲಿ ಸಣ್ಣಗೆ ಚಳಿ ಹರಿಯಿತು ಎಂದು ಬರೆಯಬಹುದು, ಚೆನ್ನಾಗಿರುತ್ತದೆ. ನಿಜ ಹೇಳಬೇಕೆಂದರೆ ಆಗ ನನಗೆ ಸಮಾಧಾನವಾಯಿತು. ದುಡ್ಡು ಕೇಳದವನು ಮೋಸಗಾರನಾಗಲು ಹೇಗೆ ಸಾಧ್ಯ? ಅವ್ವ ಒಳಗೆ ಹೋಗಿ ಟ್ರಂಕು ತೆಗೆದ ಸಪ್ಪಳ ಕೇಳಿಸಿತು. ಮದುವೆಯಲ್ಲಿ ತವರಿನವರು ಹಾಕಿದ್ದ ಬೆಳ್ಳಿಯ ಡಾಬನ್ನು, ಆ ಸೊಂಟಪಟ್ಟಿಯನ್ನು, ಸೆರಗಿನಲ್ಲಿ ಸುತ್ತಿಕೊಂಡು ತಂದಳು. ಅವನು ಅದನ್ನು ಕಣ್ಣಿಗೆ ಒತ್ತಿಕೊಂಡು ತೆಗೆದುಕೊಂಡ.

ನಾನು ವಿಜ್ಞಾನಿಯಲ್ಲವೇ, ಸುಮ್ಮನಿರಲಾಗಲಿಲ್ಲ. "ಇದು ಅವರ ಮನಿದ ಅನ್ನಾಕ ಗ್ಯಾರಂಟಿ ಏನ್ರಿ?" ಎಂದೆ.

"ಸಾಹೇಬ್ರ, ನಾ ಏನ್ ಹೇಳಲಿ? ನೀವ ಮುಟ್ಟಿ ನೋಡ್ರಿ. ಕೈಗೆ ಗೊತ್ತಿರತೈತಿ."

ಬಗ್ಗಿ ಮುಟ್ಟಿದೆ. ಲಾಳದ ಪಕ್ಕದಲ್ಲಿ ಬೆರಳ ತುದಿ ಹಿಡಿಯುವಷ್ಟು ಒಂದು ತೂತಿತ್ತು. ಬೆರಳು ಅದರೊಳಗೆ ಹೋದ ಕ್ಷಣ ಎಲ್ಲ ಬಂದುಬಿಟ್ಟಿತು. ಬುಗುರಿಯ ಮೊಳೆ. ನಾನು ಐದಾರು ವರ್ಷದವನು, ಅಜ್ಜನ ಮನೆಯ ಹೊಸ್ತಿಲಿಗೆ ಬುಗುರಿಯ ಮೊಳೆ ಇಟ್ಟು ಕಲ್ಲಿನಿಂದ ಬಡಿಯುತ್ತಿದ್ದೇನೆ. ಬೇವಿನ ನೆರಳು ಅಲ್ಲಾಡುತ್ತಿದೆ. ಅಜ್ಜನ ತಲೆಯ ರುಮಾಲು ಬಾಗಿಲು ತುಂಬ ಬಂದು ನಿಂತಿದೆ. "ಲೇ, ಹೊಸ್ತಿಲಕ್ಕ ಮೊಳಿ ಹೊಡದ್ರ ಮನಿ ಕಾಲ ಮುರದಾಂಗ!" ನನ್ನ ಕಣ್ಣಲ್ಲಿ ನೀರು ಬಂತು. ತಲೆ ಎತ್ತಿದಾಗ ಟೆಂಪೋ ಇರಲಿಲ್ಲ.

ಹೊಸ್ತಿಲನ್ನು ದೇವರ ಕೋಣೆಯ ಬಾಗಿಲಿಗೆ ಕೂರಿಸಿದೆವು. ಅವ್ವ ದಿನಾ ಬೆಳಿಗ್ಗೆ ಅದನ್ನು ತೊಳೆದು ರಂಗೋಲಿ ಎಳೆಯುತ್ತ ಹಾಡುತ್ತಿದ್ದಳು. ಅವಳು ಹಾಡುವುದನ್ನು ನಾನು ಕೇಳಿ ವರ್ಷಗಳಾಗಿದ್ದವು.

ಎರಡು ವಾರ ಕಳೆದಿರಬೇಕು. ಇಂಡಿಯಿಂದ ಒಂದು ರವಿವಾರ ಹೊರ್ತಿಗೆ ಹೋದೆ. ದೊಡ್ಡವ್ವ ಅವ್ವನಿಗಿಂತ ಗಟ್ಟಿ ಹೆಂಗಸು. ಎಮ್ಮೆಗೂ ಕಲೆಕ್ಟರನಿಗೂ ಒಂದೇ ದನಿಯಲ್ಲಿ ಮಾತಾಡುತ್ತಿದ್ದಳು. "ಬಾರೋ ಬೂದಿ ಬಾಬಾ!" ಎಂದು ನನ್ನ ಹಳೆಯ ಪವಾಡಗಳನ್ನು ನೆನೆಸಿಕೊಂಡೇ ಸ್ವಾಗತಿಸಿದಳು. ಕಾಲು ತೊಳೆದು ಒಳಗೆ ಹೊರಟವನು ನಡುಮನೆಯ ಬಾಗಿಲಲ್ಲಿ ನಿಂತೆ.

ಅದೇ ಹೊಸ್ತಿಲು. ಅದೇ ತಗ್ಗು, ಅದೇ ಲಾಳ, ಅದೇ ಬದಿ. ನಾನು ಕುಕ್ಕರುಗಾಲಲ್ಲಿ ಕೂತು ಲಾಳದ ಪಕ್ಕ ಬೆರಳಾಡಿಸಿದೆ. ತೂತಿತ್ತು. ಬೆರಳು ಒಳಗೆ ಹೋಯಿತು. ಮತ್ತೆ ಬೇವಿನ ನೆರಳು ಅಲ್ಲಾಡಿತು. ಮತ್ತೆ ಅಜ್ಜನ ರುಮಾಲು ಬಂತು. ಈ ಸಲ ಇನ್ನೂ ಸ್ಪಷ್ಟವಾಗಿ, ರುಮಾಲಿನ ಕೆಂಪು ಅಂಚಿನ ಸಮೇತ.

"ನಮ್ಮಪ್ಪನ ಮನಿದು" ಎಂದಳು ದೊಡ್ಡವ್ವ, ಹಿಂದಿನಿಂದ. "ಒಬ್ಬಾಂವ ಟೆಂಪೋದಾಗ ತಂದಿದ್ದ. ಪುಣ್ಯಾತ್ಮ. ನೋಡಾಕ ನಮ್ಮಪ್ಪ ಹರೇದಾಗ ಇದ್ಹಂಗ ಇದ್ದ."

"ಏನ್ ಕೊಟ್ಟಿ ದೊಡ್ಡವ್ವ?"

"ರೊಕ್ಕ ಮುಟ್ಟಲಿಲ್ಲಪಾ ಅಂವ. ನಮ್ಮವ್ವ ಕೊಟ್ಟ ತಾಮ್ರದ ಹಂಡೆ ಒಯ್ದ."

ನಾನು ಆ ದಿನ ಊಟ ಮಾಡಿದೆನೋ ಇಲ್ಲವೋ ನೆನಪಿಲ್ಲ. ಇಂಡಿಗೆ ವಾಪಸ್ಸಾಗುವ ಬಸ್ಸಿನಲ್ಲಿ ನನಗೆ ಹೆದರಿಕೆಯಾದದ್ದು ಮೋಸಕ್ಕಲ್ಲ. ಎರಡು ಹೊಸ್ತಿಲುಗಳಲ್ಲಿ ಒಂದು ಸುಳ್ಳು, ಬಹುಶಃ ಎರಡೂ ಸುಳ್ಳು. ಸರಿ. ಹಾಗಾದರೆ ಆ ಬುಗುರಿ ಯಾವುದು? ಅಜ್ಜ ಯಾರನ್ನು ಬೈದ? ಕಟ್ಟಿಗೆಯಲ್ಲಿ ತೂತು ಕೊರೆದವನು ನನ್ನ ತಲೆಯಲ್ಲಿ ಒಂದು ಮಧ್ಯಾಹ್ನವನ್ನೇ ಕೊರೆದು ಹೋಗಿದ್ದನೇ? ಮುಂದಿನ ವಾರ ಸಿಂದಗಿಗೆ ಹೋದಾಗ ಸುಮ್ಮನೆ ಕೇಳುವವನ ಹಾಗೆ ಅವ್ವನನ್ನು ಕೇಳಿದೆ: "ಅಜ್ಜ ನನಗ ಬುಗುರಿ ಸಲುವಾಗಿ ಬೈದಿದ್ದ, ನೆನಪೈತೇನಬೇ?" ಅವ್ವ ನಕ್ಕಳು. "ನಿನಗ ಎಲ್ಲಿ ಬುಗುರಿ? ಅಜ್ಜನ ಮೀಸಿ ನೋಡಿ ನನ್ನ ಸೆರಗ ಬಿಟ್ಟ ಹೊರಗ ಬರತಿರಲಿಲ್ಲ ನೀ." ಆಮೇಲೆ ಇನ್ನೊಂದು ಮಾತು ಸೇರಿಸಿದಳು: "ಹೊಸ್ತಿಲ ಬಂದ ದಿನಾನೂ ನೀ ಇರಲಿಲ್ಲಲ್ಲ. ಟೆಂಪೋ ಹೋದಮ್ಯಾಲ ಬಂದಿ."

ಗೆಳೆಯರೇ, ಈಗ ನೀವು ಯಾರನ್ನು ನಂಬುತ್ತೀರಿ?

ಪಕ್ಕದ ಮನೆಯಲ್ಲಿ ಉರ್ದು ಶಾಲೆಯಿಂದ ನಿವೃತ್ತಿಯಾದ ಬೀಬಿ ಟೀಚರ್ ಇದ್ದರು. ಅವರ ತವರೂ ನಿಡಗುಂದಿಯ ಕಡೆಯದು, ಅದೂ ನೀರಿನಲ್ಲಿ ಹೋದದ್ದೇ. ಅವರ ಬಾಗಿಲಿಗೂ ಟೆಂಪೋ ಬಂದಿರಬೇಕಲ್ಲ ಎಂದು ಕೇಳಲು ಹೋದೆ.

"ಬಂದಿತ್ತಪಾ" ಎಂದರು ಅಡಿಕೆ ಕತ್ತರಿಸುತ್ತ. "ಯಾ ಊರ ಮಗಳರಿ ಅಂದ. ನೀ ಹೇಳಪಾ, ಹೊಸ್ತಿಲ ನಿನ್ನ ಹತ್ರ ಐತಿ ಅಂದಮ್ಯಾಲ ಊರೂ ನಿನಗ ಗೊತ್ತಿರಬೇಕಲ್ಲ ಅಂದೆ. ನಕ್ಕೋತ ಹೋಗಿಬಿಟ್ಟ. ಜಲ್ಮೆಲ್ಲಾ ಮಾಸ್ತರಕಿ ಮಾಡೇನಿ ನಾ. ಪ್ರಶ್ನೆನೂ ನಾನ ಕೇಳಿ ಉತ್ತರಾನೂ ನಾನ ಹೇಳಿದ್ರ ಎಂಥಾ ದಡ್ಡ ಆದ್ರೂ ಪಾಸ್ ಆಗತಾನ."

ಎಲ್ಲವೂ ಅಷ್ಟರಲ್ಲೇ ಇತ್ತು. ಅವನು ಖಾಲಿ ಬಿಟ್ಟ ಜಾಗವನ್ನು ಅವ್ವ ತುಂಬಿದಳು. ಗಿಡ ಅವನದು, ಬೇವು ಅವಳದು. ಅವಳು ಹೇಳಿದ್ದನ್ನೇ ಅವಳಿಗೆ ಮಾರಿದ. ಇಂದಿಗೂ ಯಾರಾದರೂ ಅಪರಿಚಿತರು ನನ್ನ ವಿಷಯವನ್ನು "ಗೊತ್ತಿದೆ" ಎಂಬಂತೆ ಅರ್ಧ ಹೇಳಿ ನಿಲ್ಲಿಸಿದರೆ, ಉಳಿದರ್ಧವನ್ನು ನಾನು ಹೇಳುವುದಿಲ್ಲ. ಬೀಬಿ ಟೀಚರ್ ಕಲಿಸಿದ ಪಾಠ ಅದು. ನೀವೂ ಇಟ್ಟುಕೊಳ್ಳಿ. ಯಾವ ಪುಸ್ತಕದಲ್ಲೂ ಇಷ್ಟು ಸಣ್ಣದಾಗಿ ಸಿಗಲಾರದು.

ಏಳುವಾಗ ಅವರು ಅಡಕತ್ತರಿ ಕೆಳಗಿಟ್ಟು ಮೆಲ್ಲಗೆ ಅಂದರು: "ಆದ್ರ ತಮ್ಮಾ, ಟೆಂಪೋ ಹೋದಮ್ಯಾಲ ಬಾಗಿಲದಾಗ ಭಾಳ ಹೊತ್ತ ನಿಂತಿದ್ದೆ. ಒಂದ ಸಲ ಬಿಚ್ಚಿಸಿ ನೋಡಬೇಕಿತ್ತು ಅನಿಸ್ತು. ಸುಳ್ಳ ಇದ್ರೂ."

ಅದೇ ವಾರ ಪರೀಕ್ಷೆಯ ಕೆಲಸಕ್ಕೆಂದು ಮುದ್ದೇಬಿಹಾಳಕ್ಕೆ ಹೊರಟಿದ್ದೆ. ಬಸವನ ಬಾಗೇವಾಡಿ ದಾಟಿದ ಮೇಲೆ ಬಸ್ಸಿನ ಟೈರು ಒಡೆಯಿತು. ಎಲ್ಲರೂ ಇಳಿದರು. ನಾನು ನೆರಳು ಹುಡುಕುತ್ತ ಒಂದು ಜಾಲಿಯ ಬೇಲಿಯ ಹಿಂದೆ ಹೋದೆ.

ಅಲ್ಲಿ ಬಯಲಲ್ಲಿ ಹೊಸ್ತಿಲುಗಳಿದ್ದವು. ಬರೀ ಹೊಸ್ತಿಲು. ಗೋಡೆಯಿಲ್ಲ, ಬಾಗಿಲಿಲ್ಲ, ಒಂದರ ಹಿಂದೆ ಒಂದು, ನೆಲದ ಮೇಲೆ ಸಾಲಾಗಿ. ಕೆಲವು ಇನ್ನೂ ಬೆಳ್ಳಗಿನ ಹಸಿ ಕಟ್ಟಿಗೆ. ಕೆಲವಕ್ಕೆ ಕಪ್ಪು ಎಣ್ಣೆ ಬಳಿದು ಒಣಗಲು ಬಿಟ್ಟಿದ್ದರು. ಕೊನೆಯ ಸಾಲಿನವಕ್ಕೆ ಅರಿಶಿನವೂ ಆಗಿತ್ತು. ಒಂದು ಡಬ್ಬಿಯ ತುಂಬ ಲಾಳಗಳು. ಗಾಳಿಗೆ ಎಂಜಿನ್ ಆಯಿಲ್ಲಿನ ವಾಸನೆ. ಒಬ್ಬ ಮನುಷ್ಯನೂ ಇರಲಿಲ್ಲ. ಮನೆಗಳೆಲ್ಲ ಎದ್ದು ಎಲ್ಲಿಗೋ ಹೋಗಿ, ಹೊಸ್ತಿಲುಗಳನ್ನು ಮಾತ್ರ ಮರೆತು ಹೋದ ಹಾಗಿತ್ತು. ನಾನು ಒಂದನ್ನು ದಾಟಿದೆ. ದಾಟಿ ಯಾವ ಮನೆಯ ಒಳಗೂ ಹೋಗಲಿಲ್ಲ. ಇನ್ನೊಂದನ್ನು ದಾಟಿದೆ. ಮೂರನೆಯದನ್ನು ದಾಟುವಾಗ, ನಂಬಿದರೆ ನಂಬಿ, ನಾನು ತಲೆ ಬಗ್ಗಿಸಿದೆ. ಅಜ್ಜನ ಮನೆಯ ಬಾಗಿಲು ಗಿಡ್ಡ ಇತ್ತು. ಹಾರ್ನ್ ಕೇಳಿಸಿತು. ಓಡಿಬಂದು ಬಸ್ಸು ಹತ್ತಿದೆ.

ನಾಲ್ಕು ದಿನಗಳ ನಂತರ ಗೆಳೆಯನ ಬೈಕಿನಲ್ಲಿ ಅದೇ ಜಾಗಕ್ಕೆ ಹೋದೆ. ಸಾಕ್ಷಿ ಇರಲಿ ಎಂದು ಕ್ಯಾಮೆರಾ ಒಯ್ದಿದ್ದೆ. ಜಾಲಿಯ ಬೇಲಿ ಇತ್ತು. ಅದರ ಹಿಂದೆ ಎದೆಯೆತ್ತರ ಸೂರ್ಯಕಾಂತಿ ಇತ್ತು, ಹೊಲದ ತುಂಬ, ಎಲ್ಲ ಹೂಗಳೂ ನಮ್ಮ ಕಡೆ ಬೆನ್ನು ಮಾಡಿ. ನಾಲ್ಕು ದಿನಗಳಲ್ಲಿ ಸೂರ್ಯಕಾಂತಿ ಎದೆಯೆತ್ತರ ಬೆಳೆಯುವುದಿಲ್ಲ. ಹಾಗಾದರೆ ನಾನು ಬೇಲಿಯನ್ನು ತಪ್ಪು ಹಿಡಿದಿದ್ದೆ. ಆ ರಸ್ತೆಯಲ್ಲಿ ಜಾಲಿಯ ಬೇಲಿಗಳಿಗೆ ಬರವಿಲ್ಲ. ಗೆಳೆಯ ಬೈಕಿನ ಮೇಲೆ ಕೂತೇ ಕೇಳಿದ: "ಬಿಸಲಾಗ ಭಾಳ ಅಡ್ಡಾಡತಿಯೇನೋ ನೀ?" ಪೊಲೀಸರಿಗೆ ಹೇಳಿದೆ. ಅವರು ಕೇಳಿದ ಮೊದಲ ಪ್ರಶ್ನೆಯೇ ಅವನ ಮುಖ ಹೇಗಿತ್ತು ಎಂದು.

ಈಗ ನಿಜವಾದ ಕಷ್ಟ ಬಂತು. ಪಂಚಮಿಯ ಹಿಂದಿನ ವಾರ ಅವ್ವ ನನ್ನನ್ನು ಕೂರಿಸಿಕೊಂಡು ಹೇಳಿದಳು: "ಈ ಸಲ ಅಕ್ಕನ್ನ ಕರಸ್ತೇನಿ. ತವರಮನಿ ಹೊಸ್ತಿಲ ನಮ್ಮ ಮನ್ಯಾಗ ಐತಿ ಅಂದಮ್ಯಾಲ ಇದ ಆಕಿಗೂ ತವರು. ನೀ ಹೋಗಿ ಕರಕೊಂಡ ಬಾ. ಹೊಸ್ತಿಲದ ಸುದ್ದಿ ಹೇಳಬ್ಯಾಡ. ಬಂದ ನೋಡಲಿ."

ಅವಳ ಮುಖ ನೋಡಿದೆ. ತವರಿನಿಂದ ಬಂದ ನಿಜವಾದ ವಸ್ತು ಅವಳ ಹತ್ತಿರ ಉಳಿದಿದ್ದದ್ದು ಆ ಡಾಬು ಒಂದೇ. ಅದನ್ನು ಕೊಟ್ಟು ಇದನ್ನು ಕೊಂಡಿದ್ದಳು. ಅಕ್ಕ ಬಂದು ಹೊಸ್ತಿಲು ನೋಡಿದ ಕ್ಷಣ ಇಬ್ಬರಿಗೂ ಗೊತ್ತಾಗುತ್ತದೆ. ಡಾಬು ಹೋಯಿತು, ಹಂಡೆ ಹೋಯಿತು, ಹೊಸ್ತಿಲೂ ಹೋಗುತ್ತದೆ. ಇಬ್ಬರು ಮುದುಕಿಯರ ತವರು ಹಬ್ಬದ ದಿನವೇ ಮತ್ತೊಮ್ಮೆ ಮುಳುಗುತ್ತದೆ. ಹೇಳಿಬಿಡಲೇ ಎಂದು ಬಾಯಿ ತೆರೆದೆ. ಯಾವ ಊರಿನಲ್ಲಾದರೂ ವೇದಿಕೆಯ ಮೇಲೆ ಎರಡು ನಿಮಿಷದ ಕೆಲಸ ಅದು. ಅವ್ವ ಶೇಂಗಾ ಉಂಡಿ ಕಟ್ಟುತ್ತ ಒಂದನ್ನು ತನ್ನ ಬಾಯಿಗೆ ಹಾಕಿಕೊಂಡಳು. ನಾನು ಬಾಯಿ ಮುಚ್ಚಿದೆ.

ಹೊರ್ತಿಯಿಂದ ಬರುವಾಗ ಬಸ್ಸಿನಲ್ಲಿ ದೊಡ್ಡವ್ವನಿಗೆ ಏನೂ ಹೇಳಲಿಲ್ಲ. ಅವಳೂ ತನ್ನ ಹೊಸ್ತಿಲಿನ ಮಾತು ಎತ್ತಲಿಲ್ಲ. ಮಡಿಲಲ್ಲಿ ಅರಳಿನ ಗಂಟು ಇಟ್ಟುಕೊಂಡು ಕಿಟಕಿಯಿಂದ ಹೊರಗೆ ನೋಡುತ್ತ ಕೂತಿದ್ದಳು.

ಅವ್ವ ಬಾಗಿಲಲ್ಲೇ ಕಾದಿದ್ದಳು. ಅಕ್ಕನ ಕಣ್ಣು ಮುಚ್ಚಿ, ಸಣ್ಣ ಹುಡುಗಿಯ ಹಾಗೆ ನಗುತ್ತ, ದೇವರ ಕೋಣೆಯ ಮುಂದೆ ತಂದು ನಿಲ್ಲಿಸಿ ಕೈ ತೆಗೆದಳು. "ನೋಡ!"

ದೊಡ್ಡವ್ವ ನೋಡಿದಳು. ಅವಳು ಬಗ್ಗಿದಳು. ತಗ್ಗನ್ನು ಸವರಿದಳು. ಲಾಳವನ್ನು ಸವರಿದಳು. ಅದರ ಪಕ್ಕದ ತೂತಿನ ಮೇಲೆ ಬೆರಳು ನಿಂತಿತು. ನಿಂತೇ ಇತ್ತು. ಹೊರಗೆ ಮಳೆ ಹನಿಯತೊಡಗಿತ್ತು, ಹೊಸ್ತಿಲಿನಿಂದ ಮೊದಲ ಸಲ ಆ ವಾಸನೆ ಎದ್ದಿತು. ನನ್ನ ಮೂಗಿಗೆ ಬಂತು ಎಂದರೆ ಅವಳ ಮೂಗಿಗೂ ಬಂದಿರಲೇಬೇಕು.

"ಯಾಕ ಅಕ್ಕಾ?" ಎಂದಳು ಅವ್ವ. ದನಿ ಬದಲಾಗಿತ್ತು.

"ಎಲ್ಲಿ ಹೋಗಿತ್ತಬೇ ಇದು ಅಂತಿದ್ದೆ" ಎಂದಳು ದೊಡ್ಡವ್ವ. "ಇಲ್ಲಿ ಬಂದ ಕುಂತೈತಿ. ಇದು ಮುಂದಿನ ಬಾಗಲದ್ದು. ಹಿತ್ತಲ ಬಾಗಲದ್ದು ನನ್ನ ಹತ್ರ ಐತಿ."

"ಹಿತ್ತಲ ಬಾಗಲ?" ಅವ್ವ ಅಕ್ಕನನ್ನೇ ನೋಡಿದಳು. ಒಂದು ಗಳಿಗೆ. ಅವಳ ಕಣ್ಣಿನಲ್ಲಿ ಏನೋ ಬಂದು, ನಿಂತು, ಹೋಯಿತು. "ಹೌದಲ್ಲ" ಎಂದಳು. "ಹಿತ್ತಲ ಬಾಗಲ. ಅವ್ವ ಅಲ್ಲಿ ಮಜ್ಜಿಗಿ ಕಡೀತಿದ್ಲು."

"ಅಲ್ಲಿಂದ ಹೊಳಿ ಕಾಣತಿತ್ತು."

"ಅಣ್ಣ ಅಲ್ಲಿಂದ ಜಿಗದ ಈಸಾಕ ಹೋಗತಿದ್ದ."

"ಅಪ್ಪ ಬಂದ್ರ ಅಲ್ಲಿಂದ ಓಡತಿದ್ದೆವು!"

ಇಬ್ಬರೂ ನೆಲದ ಮೇಲೆ ಕೂತು, ಒಬ್ಬರು ಬಿಟ್ಟದ್ದನ್ನು ಒಬ್ಬರು ತುಂಬುತ್ತ, ಹಿತ್ತಲಿನಿಂದ ಶುರುಮಾಡಿ ಇಡೀ ಮನೆಯನ್ನು ಕಟ್ಟಿದರು. ಸಂಜೆಯವರೆಗೂ ಕಟ್ಟಿದರು. ಉಂಡಿಯ ಡಬ್ಬಿ ಖಾಲಿಯಾಯಿತು. ನಾನು ಮೂಲೆಯಲ್ಲಿ ಕೂತು ಕೇಳುತ್ತಿದ್ದೆ. ನನಗೆ ಗೊತ್ತಿತ್ತು, ಅಜ್ಜನ ಮನೆಯ ಹಿಂದೆ ಕಲ್ಲುಬಂಡೆ ಇತ್ತು. ಮನೆಯನ್ನು ಅದಕ್ಕೇ ಆನಿಸಿ ಕಟ್ಟಿದ್ದರು. ಹಿತ್ತಲು ಇರಲಿಲ್ಲ. ಬಾಗಿಲಂತೂ ಇರಲು ಸಾಧ್ಯವೇ ಇರಲಿಲ್ಲ.

ಮರುದಿನ ಬಸ್‌ಸ್ಟ್ಯಾಂಡಿಗೆ ಬಿಡಲು ಹೋದಾಗ ದೊಡ್ಡವ್ವ ನನ್ನ ಕೈ ಹಿಡಿದಳು. "ಹೊರ್ತಿಗೆ ಬಂದಾಗ ಆ ತೂತದಾಗ ಬೆರಳ ಇಟಗೊಂಡ ಕುಂತಿದ್ದೆಲ್ಲ, ನಿನ್ನ ಮಾರಿ ನೋಡೇನಿ ನಾ. ಅವತ್ತ ಗೊತ್ತಾತು."

"ಹಿತ್ತಲ ಬಾಗಲ ಇರಲಿಲ್ಲಲ್ಲ ದೊಡ್ಡವ್ವ?"

"ಇರಲಿಲ್ಲ" ಎಂದಳು. "ಇನ್ನ ಮ್ಯಾಲ ಐತಿ. ನಿನ್ನ ವಿಜ್ಞಾನ ತಗೊಂಡ ಹೋಗಿ ಅದನ್ನ ಮುಚ್ಚಬ್ಯಾಡ."

ಅವಳು ಸುಮ್ಮನೆ ಕೂರಲಿಲ್ಲ, ಅದನ್ನೂ ಹೇಳಬೇಕು. ಹೊರ್ತಿಯ ಸಂತೆಯಲ್ಲಿ, ಬಸ್ಸಿನಲ್ಲಿ, ಮದುವೆಯ ಚಪ್ಪರದಲ್ಲಿ, ಮುಳುಗಡೆ ಊರಿನ ಹೆಣ್ಣುಮಗಳು ಸಿಕ್ಕಲ್ಲೆಲ್ಲ ಎಚ್ಚರಿಸಿದಳು: "ಹೊಸ್ತಿಲ ಮಾರಾಕ ಬಂದ್ರ ಮೊದಲ ಅವನ ಬಾಯಿಲೆ ಊರ ಹೇಳಿಸ್ರಿ. ತವರಿನ ವಸ್ತು ಏನೂ ಕೊಡಬ್ಯಾಡ್ರಿ." ಅವ್ವನೂ ಸಿಂದಗಿಯಲ್ಲಿ ಅದೇ ಕೆಲಸಕ್ಕೆ ನಿಂತಳು. ಯಾರಾದರೂ "ನೀವೂ ತಗೊಂಡೀರಲ್ಲ?" ಎಂದು ಕೇಳಿದರೆ ಇಬ್ಬರದೂ ಒಂದೇ ಉತ್ತರ: "ನಮ್ಮವ ಎರಡ ಖರೇ. ಉಳದಾವೆಲ್ಲಾ ಸುಳ್ಳ." ಆಮೇಲೆ ಆ ಟೆಂಪೋವನ್ನು ಯಂಕಂಚಿಯಲ್ಲಿ ಹೆಂಗಸರು ಕಲ್ಲು ತೂರಿ ಓಡಿಸಿದರು ಎಂದು ಕೇಳಿದ್ದೇನೆ. ಹಾಗೆ ಓಡಿಹೋದವನ ಮುಖ ಹೇಗಿತ್ತು ಎಂದು ಕೇಳಿದರೆ ಯಾರೂ ಒಂದೇ ರೀತಿ ಹೇಳಲಿಲ್ಲ.

ಅವ್ವ ಇಲ್ಲ ಈಗ. ದೊಡ್ಡವ್ವನೂ ಇಲ್ಲ. ಹೊಸ್ತಿಲು ಇದೆ.

ಈ ಸಲದ ಮೊದಲ ಮಳೆಗೆ ವಾಸನೆ ಬಂತು ಎಂದೆನಲ್ಲ. ಪೇಪರ್ ಮಡಿಚಿಟ್ಟು ದೇವರ ಕೋಣೆಯ ಮುಂದೆ ಹೋಗಿ ಕೂತಿದ್ದೆ. ಬೆರಳು ತಾನಾಗಿ ಆ ತೂತಿಗೆ ಹೋಗಿತ್ತು. ಅಷ್ಟರಲ್ಲಿ ಫೋನು ಬಂತು. ಗೊತ್ತಿಲ್ಲದ ನಂಬರು, ಮೆತ್ತನೆಯ ಗಂಡು ದನಿ. "ಸರ್, ನಿಮ್ಮ ತಾಯಿಯವರ ಹೆಸರಿನಲ್ಲಿ ಒಂದು ಹಳೆಯ ಠೇವಣಿ ಉಳಿದಿದೆ. ತವರೂರಿನ ವಿಳಾಸ ಕೊಟ್ಟಿದ್ದಾರೆ. ಹೊಳೆದಂಡೆಯ ಊರು..." ಅಷ್ಟಕ್ಕೇ ನಿಲ್ಲಿಸಿದ.

ಊರ ಹೆಸರು ನನ್ನ ನಾಲಗೆಯ ತುದಿಗೆ ಬಂದಿತ್ತು. ಎಷ್ಟು ವರ್ಷಗಳಿಂದ ಯಾರೂ ಅದನ್ನು ಕೇಳಿರಲಿಲ್ಲ! ಹೇಳಬೇಕು ಎಂಬ ಆಸೆ ಬಾಯಾರಿಕೆಯ ಹಾಗೆ ಗಂಟಲಲ್ಲಿ ಏರಿತು. ನುಂಗಿಕೊಂಡೆ.

"ನೀವ ಹೇಳ್ರಿ" ಎಂದೆ. "ಯಾವ ಊರು?"

ಆ ಕಡೆಯವನು ಕಟ್ ಮಾಡಲಿಲ್ಲ. ಉಸಿರಾಟವೋ, ದೂರದಲ್ಲಿ ನೀರು ದಡಕ್ಕೆ ತಾಗುವ ಸದ್ದೋ, ಏನೋ ಒಂದು ಸ್ವಲ್ಪ ಹೊತ್ತು ಕೇಳಿಸುತ್ತಿತ್ತು. ಆಮೇಲೆ ನಿಂತಿತು.

ಫೋನು ಕೆಳಗಿಟ್ಟೆ. ಮಳೆ ಜೋರಾಗಿತ್ತು. ಅಜ್ಜನ ಮನೆಯನ್ನು ನೆನಪಿಸಿಕೊಳ್ಳಲು ನೋಡಿದೆ. ಬಂತು. ಬೇವಿನ ಗಿಡ ಬಂತು, ರುಮಾಲು ಬಂತು, ಒಳಗೆಲ್ಲ ಎಂಜಿನ್ ಆಯಿಲ್ಲಿನ ವಾಸನೆ ತುಂಬಿತ್ತು, ಹಿತ್ತಲ ಬಾಗಿಲು ತೆರೆದಿತ್ತು, ಅದರಾಚೆ ಹೊಳೆ ಹೊಳೆಯುತ್ತಿತ್ತು. ಅಜ್ಜಿ ಅಲ್ಲಿ ಕೂತು ಮಜ್ಜಿಗೆ ಕಡೆಯುತ್ತಿದ್ದಳು. ನೀರು ಏರುತ್ತಿದೆ, ಯಾರಾದರೂ ಬಾಗಿಲು ಮುಚ್ಚಬಾರದೇ ಎನಿಸಿತು.

ಎದ್ದು, ನಮ್ಮ ಹಿತ್ತಲ ಬಾಗಿಲು ಹಾಕಿದೆಯೋ ಇಲ್ಲವೋ ನೋಡಿ ಬರೋಣ ಎಂದು ಅಡುಗೆಮನೆ ದಾಟಿ ಹೋದೆ. ಗೋಡೆಯ ಮುಂದೆ ಹೋಗಿ ನಿಂತ ಮೇಲೆ ನೆನಪಾಯಿತು. ಈ ಮನೆಗೆ ಹಿತ್ತಲ ಬಾಗಿಲಿಲ್ಲ.